ಟೀವಿಗೆ ಕಾಣದ 1.74 ಮೀಟರ್

2012ರ ಸೆಪ್ಟೆಂಬರ್ 3. ಬೆಂಗಳೂರಿನ ಚಿನ್ನಸ್ವಾಮಿ ಸ್ಟೇಡಿಯಮ್ಮಿನಲ್ಲಿ ಭಾರತ ನ್ಯೂಜಿಲೆಂಡನ್ನು ಐದು ವಿಕೆಟ್‌ಗಳಿಂದ ಸೋಲಿಸಿತು. ಬೆಳ್ಳಾರೆ ಪೇಟೆಯಲ್ಲೂ ಅದೇ ಮಾತು. ಅದೇ ದಿನ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ ನಮ್ಮ ಹಾಸನ ಜಿಲ್ಲೆಯ ಎಚ್.ಎನ್. ಗಿರೀಶ್ 1.74 ಮೀಟರ್ ಎತ್ತರ ಹಾರಿ ಬೆಳ್ಳಿ ಗೆದ್ದರು. ನಾನು ನೋಡಲಿಲ್ಲ. ನೋಡುವುದೆಲ್ಲಿಂದ? ರಿಮೋಟ್ ಒತ್ತಿ ಒತ್ತಿ ಸಾಕಾಯಿತು, ನಮ್ಮ ಮನೆಯ ಟೀವಿಯಲ್ಲಿ ಎಲ್ಲೂ ಬರಲಿಲ್ಲ. ಮರುದಿನ ಪೇಪರ್ ಓದಿ ಗೊತ್ತಾದದ್ದು.

ಚಿನ್ನ ಗೆದ್ದ ಫಿಜಿಯ ಇಲಿಯೆಸಾ ಡೆಲಾನ ಹಾರಿದ್ದೂ ಅದೇ 1.74! ಎತ್ತರ ಸಮ, ತಪ್ಪಿದ ಜಿಗಿತಗಳ ಲೆಕ್ಕದಲ್ಲಿ ಚಿನ್ನ ಕೈ ತಪ್ಪಿತು. ಎಂಥ ಸ್ಪರ್ಧೆ ಮಾರಾಯ್ರೇ... ಇದನ್ನು ನೋಡಲು ಜನ ಇಲ್ಲ ಅಂತೀರಾ?

ಹೌದು, ಹಾಗೇ ಅಂತಾರೆ. "ನೋಡುವವರಿಲ್ಲ." 2014ರಲ್ಲಿ ಪ್ರೊ ಕಬಡ್ಡಿ ಶುರುವಾಗುವ ಮೊದಲು ಟೀವಿಯಲ್ಲಿ ಕಬಡ್ಡಿ ನೋಡುತ್ತಿದ್ದವರು ಎಷ್ಟು ಮಂದಿ? ನಮ್ಮೂರಲ್ಲಿ ಹೊನಲು ಬೆಳಕಿನ ಪಂದ್ಯಾಟಕ್ಕೆ ರಾತ್ರಿಯಿಡೀ ಕೂರುವವರಿದ್ದರು, ಚಾನೆಲ್ಲಿನವರಿಗೆ ಕಾಣಲಿಲ್ಲ ಅಷ್ಟೆ. ನಾಲ್ಕು ಕಡೆ ಕ್ಯಾಮೆರಾ ಇಟ್ಟು, ಚೆನ್ನಾಗಿ ಕಾಮೆಂಟರಿ ಕೊಟ್ಟರು. ಈಗ ಶಾಲೆಯ ಮಕ್ಕಳಿಗೂ ರೈಡರ್‌ಗಳ ಹೆಸರು ಬಾಯಿಪಾಠ. ಮೊದಲು ತೋರಿಸಿದರು, ಆಮೇಲೆ ಜನ ಬಂದರು.

"ಖರ್ಚು ಜಾಸ್ತಿ." ನಮ್ಮ ಕರಾವಳಿಯಲ್ಲಿ ಕಂಬಳ, ಯಕ್ಷಗಾನ ಎಲ್ಲ ಬೆಳಗಿನ ತನಕ ಲೈವ್ ಬರುತ್ತದೆ. ಊರಿನ ಹುಡುಗರಿಗೆ ಸಾಧ್ಯವಾದದ್ದು ದೊಡ್ಡ ಚಾನೆಲ್ಲಿಗೆ ಭಾರವಾ?

"ಕ್ರಿಕೆಟ್ ಆದರೆ ಮಾತ್ರ ಓಡುತ್ತದೆ." ಸರಿ, 2012ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲೇ ಅಂಧರ ಟ್ವೆಂಟಿ-20 ವಿಶ್ವಕಪ್ ನಡೆಯಿತು. ಫೈನಲ್‌ನಲ್ಲಿ ಸೋತದ್ದು ಪಾಕಿಸ್ತಾನ. ನಮ್ಮ ನಾಯಕ ಶಿವಮೊಗ್ಗ ಜಿಲ್ಲೆಯ ಶೇಖರ್ ನಾಯಕ್. ಕ್ರಿಕೆಟ್, ಪಾಕಿಸ್ತಾನ, ವಿಶ್ವಕಪ್... ಇನ್ನೆಂತ ಬೇಕಿತ್ತು ಸ್ವಾಮೀ? ಚೆಂಡಿನೊಳಗಿನ ಗಿಲಕಿಯ ಸದ್ದು ಕೇಳಿ ಹೊಡೆಯುವ ಆ ಆಟವನ್ನು ನಿಮ್ಮಲ್ಲಿ ಎಷ್ಟು ಜನ ಒಂದು ಓವರ್ ಆದರೂ ನೋಡಿದ್ದೀರಿ?

ಇನ್ನು ಪದಕದ ಲೆಕ್ಕ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಭಾರತಕ್ಕೆ 6, ಪ್ಯಾರಾಲಿಂಪಿಕ್ಸ್‌ನಲ್ಲಿ 29. ಈಗ ಸ್ವಲ್ಪ ಸುಧಾರಿಸಿದೆ, ಪ್ಯಾರಿಸ್ ಆಟ ಮೊಬೈಲಿನಲ್ಲಿ ಸಿಕ್ಕಿತು, ಒಪ್ಪುತ್ತೇನೆ. ಆದರೆ ನ್ಯೂಸ್ ಚಾನೆಲ್ಲಿನವರು ತೋರಿಸುವ ರೀತಿ ಇದೆಯಲ್ಲ, ಅದು ಇನ್ನೂ ಬೇಸರ. ಹಿಂದೆ ಒಂದು ಅಳುವ ಪಿಟೀಲು, "ವಿಧಿಯನ್ನೇ ಗೆದ್ದ ಛಲಗಾರ" ಎಂಬ ತಲೆಬರಹ, ಊರುಗೋಲಿನ ಕ್ಲೋಸಪ್ಪು. ಆಟ ಮಾತ್ರ ಹತ್ತು ಸೆಕೆಂಡು! ಹಾಸನದವರೇ ಆದ ಸುಹಾಸ್ ಯತಿರಾಜ್ ಟೋಕಿಯೋ, ಪ್ಯಾರಿಸ್ ಎರಡರಲ್ಲೂ ಬ್ಯಾಡ್ಮಿಂಟನ್ ಬೆಳ್ಳಿ ಗೆದ್ದರು. ಎರಡೂ ಫೈನಲ್‌ನಲ್ಲಿ ಎದುರಾಳಿ ಫ್ರಾನ್ಸಿನ ಲ್ಯೂಕಾ ಮಜೂರ್. ಆತನನ್ನು ಸೋಲಿಸುವುದು ಯಾಕೆ ಅಷ್ಟು ಕಷ್ಟ ಅಂತ ಯಾರಾದರೂ ಹೇಳಿದ್ದಾರಾ? ಕನಿಕರ ಬೇಡ, ಸ್ಕೋರು ಹೇಳಿ.

ಖಾಸಗಿಯವರಿಗೆ ಜಾಹೀರಾತೇ ದೇವರು, ಬಿಡಿ. ದೂರದರ್ಶನಕ್ಕೆ ಏನಾಗಿದೆ? ಅದಕ್ಕೆ ನಮ್ಮ ತೆರಿಗೆ ಹಣ ಹೋಗುತ್ತದೆ. ಚಂದನದಲ್ಲಿ ವಾರಕ್ಕೊಂದು ಗಂಟೆ ನಮ್ಮ ರಾಜ್ಯದ ಪ್ಯಾರಾ ಕ್ರೀಡಾಕೂಟಗಳನ್ನು, ನಿಯಮ ಗೊತ್ತಿರುವವರ ಕನ್ನಡ ಕಾಮೆಂಟರಿ ಸಮೇತ ಹಾಕಲಿ. ಗಾಲಿಕುರ್ಚಿಯಲ್ಲಿ ಕೂತು ಟೀವಿ ನೋಡುವ ಮಗು ಪ್ರತಿ ಊರಲ್ಲೂ ಇದೆ. ತಾನೂ ಆಡಬಹುದು ಅಂತ ಅದಕ್ಕೆ ಗೊತ್ತಾಗುವುದು ಬೇಡವಾ?

ನೀವೇನಂತೀರಿ?