ಮನೆವಾರ್ತೆ: ಸೋಸಿದ ನೀರು, ಚೆಲ್ಲಿದ ನೀರು

ಸಹೋದರಿಯರೇ,

ಬಟ್ಟೆ ಒಗೆಯುವ ಪುಡಿಯ ಬಗ್ಗೆ ಬರೆಯುವಂಥದ್ದೇನಿದೆ ಎಂದು ನಿಮಗೆ ಅನ್ನಿಸಬಹುದು. ನಮಗೂ ಹಾಗೆಯೇ ಅನ್ನಿಸುತ್ತಿತ್ತು. ಹೋದ ಮಳೆಗಾಲದಲ್ಲಿ ನಮ್ಮ ಮನೆಯಲ್ಲಿ ನಡೆದ ಒಂದು ಪ್ರಸಂಗ ನಮ್ಮ ಕಣ್ಣು ತೆರೆಸಿತು. ಅದನ್ನೇ ಈ ತಿಂಗಳು ನಿಮ್ಮ ಮುಂದೆ ಇಡುತ್ತಿದ್ದೇವೆ.

ನಮ್ಮ ಮನೆ ಇರುವುದು ಈರೋಡ್ ಜಿಲ್ಲೆಯ ತಾಳವಾಡಿ ಬೆಟ್ಟದ ಸೀಮೆಯಲ್ಲಿ. ಸತ್ಯಮಂಗಲದಿಂದ ಬರುವವರು ದಿಂಬಂ ಘಟ್ಟದ 27 ತಿರುವುಗಳನ್ನು ಹತ್ತಿ ಬರಬೇಕು. ಚಾಮರಾಜನಗರದ ಕಡೆಯಿಂದ ದಾರಿ ಸಲೀಸು. 1956ರ ರಾಜ್ಯ ವಿಂಗಡಣೆಯಲ್ಲಿ ಕೊಳ್ಳೇಗಾಲ ತಾಲ್ಲೂಕು ಮೈಸೂರಿಗೆ ಸೇರಿತು, ನಮ್ಮ ಸೀಮೆ ಮದ್ರಾಸಿನಲ್ಲೇ ಉಳಿಯಿತು. ಮನೆಮಾತು ಕನ್ನಡ, ಅಂಗಡಿಯ ಪೊಟ್ಟಣದ ಮೇಲಿನ ಬರಹ ತಮಿಳು, ಇಂಗ್ಲಿಷ್. ಆದ್ದರಿಂದ ಪುಡಿ ಎಷ್ಟು ಹಾಕಬೇಕೆಂದು ನಾವು ಓದಿ ತಿಳಿದವರಲ್ಲ. ನೊರೆ ಉಕ್ಕುವವರೆಗೆ ಹಾಕುವುದೇ ನಮ್ಮ ಅಳತೆ.

ಬೋರ್‌ವೆಲ್ ಬಂದ ಮೇಲೆ ಮನೆಯವರ ಅಭಿಷೇಕದ ಬಿಳಿ ಪಂಚೆಗಳು ದಿನೇ ದಿನೇ ಮಾಸಲು ಬಣ್ಣಕ್ಕೆ ತಿರುಗಿದವು. ಸೊಸೆ ಸರಿಯಾಗಿ ಜಾಲಿಸುವುದಿಲ್ಲವೆಂದು ನಾವು ಗೊಣಗಿದೆವು. ಅವಳು ಮಾತಾಡದೆ ಪುಡಿಯನ್ನು ಎರಡರಷ್ಟು ಮಾಡಿದಳು. ಪಂಚೆ ಬೆಳ್ಳಗಾಗಲಿಲ್ಲ, ಅವಳ ಬೆರಳ ಸಂದುಗಳು ಒಡೆದು ರಕ್ತ ಜಿನುಗಿತು. ಒಗೆಯುವ ಕಲ್ಲಿನ ನೀರು ಹಿತ್ತಲ ಗುಂಡಿಗೆ ಹರಿಯುತ್ತಿತ್ತು. ಮಳೆಗೆ ತುಂಬಿದ ಆ ಗುಂಡಿಯಲ್ಲಿ ಕಪ್ಪೆಮರಿಗಳಿದ್ದವು. ಒಂದು ದಿನ ಅವೆಲ್ಲ ಸತ್ತು ತೇಲಿದವು. ಮೊಮ್ಮಗಳು ಕೇಳಿದಳು: "ಅಜ್ಜಿ, ನೀರು ಸೋಸಿದ್ದೆವಲ್ಲ, ಮತ್ತೆ ಇವು ಯಾಕೆ ಸತ್ತವು?"

ನಾವು ನೀರನ್ನು ಬಟ್ಟೆಯಲ್ಲಿ ಸೋಸಿ, ಬಟ್ಟೆಯಲ್ಲಿ ಉಳಿದ ಸೂಕ್ಷ್ಮಜೀವಿಗಳನ್ನು ಅದೇ ಬಾವಿಗೆ ಮೆಲ್ಲಗೆ ಬಿಡುವ ವಂಶದವರು. ಒಳಗೆ ತರುವ ನೀರಿನ ಬಗ್ಗೆ ಇಷ್ಟು ಎಚ್ಚರ ಇರುವ ನಾವು ಹೊರಗೆ ಚೆಲ್ಲುವ ನೀರಿನ ಬಗ್ಗೆ ಒಂದು ದಿನವೂ ಯೋಚಿಸಿರಲಿಲ್ಲ.

ಮೊದಲು ಪಂಚೆಯ ವಿಷಯ. ತಪ್ಪು ಸೊಸೆಯದಾಗಿರಲಿಲ್ಲ, ನೀರಿನದು. ಆಳದ ಬೋರ್‌ವೆಲ್ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಹೆಚ್ಚಿದ್ದರೆ ಅದು ಗಡಸು ನೀರು. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು. ಬೇರೆ ನೀರು ಸಿಗದಿದ್ದರೆ 600ರವರೆಗೆ ಒಪ್ಪಬಹುದು. ಇಂಥ ನೀರಿನಲ್ಲಿ ಸಾಬೂನು ಹಚ್ಚಿದರೆ ನೊರೆಯ ಬದಲು ಬಿಳಿ ಗಸಿ ಹುಟ್ಟಿ ನೂಲಿಗೆ ಅಂಟಿಕೊಳ್ಳುತ್ತದೆ. ಅದರ ಮೇಲೆ ಕೊಳೆ ಕೂರುತ್ತದೆ. ನಾವು ಪುಡಿಯಲ್ಲಿ ನೆನೆಸಿ ಮೇಲೆ ಬಾರ್ ಸಾಬೂನು ಉಜ್ಜುತ್ತಿದ್ದೆವು. ಮಾಸಲು ಬಣ್ಣ ಬಂದದ್ದು ಅಲ್ಲಿಂದಲೇ.

ಪರೀಕ್ಷೆ ಸುಲಭ. ಒಂದೇ ಅಳತೆಯ ಎರಡು ಸೀಸೆಗಳಲ್ಲಿ ಅರ್ಧ ಮಳೆನೀರು, ಅರ್ಧ ನಿಮ್ಮ ಬೋರ್‌ವೆಲ್ ನೀರು ತುಂಬಿ. ಎರಡಕ್ಕೂ ಒಂದೇ ಅಳತೆಯ ಸಾಬೂನಿನ ತುರಿ ಹಾಕಿ ಅಲ್ಲಾಡಿಸಿ. ಬೋರ್‌ವೆಲ್ ಸೀಸೆಯಲ್ಲಿ ನೊರೆ ಕಡಿಮೆಯಾಗಿ ನೀರು ಹಾಲಿನಂತೆ ಮಬ್ಬಾದರೆ ಗಡಸು ನೀರೆಂದು ತಿಳಿಯಿರಿ.

ಈಗ ಪುಡಿಯ ಆಯ್ಕೆ. ಸಾಬೂನು ಕೊಬ್ಬು ಅಥವಾ ಎಣ್ಣೆಯಿಂದ ಆಗುವಂಥದ್ದು. ಪ್ರಾಣಿಜನ್ಯ ಕೊಬ್ಬಿನಿಂದಲೂ ಸಾಬೂನು ಮಾಡಬಹುದು. ಆದ್ದರಿಂದ ಬಾರ್ ಕೊಳ್ಳುವಾಗ ಸಸ್ಯಜನ್ಯ ಎಣ್ಣೆ ಎಂದು ಬರೆದದ್ದನ್ನು ನೋಡಿ ಕೊಳ್ಳಿ. ಡಿಟರ್ಜೆಂಟ್ ಪುಡಿಯ ಮುಖ್ಯ ಅಂಶ ಹೆಚ್ಚಾಗಿ ಪೆಟ್ರೋಲಿಯಂನಿಂದ ಬಂದದ್ದು, ಗಡಸು ನೀರಿನಲ್ಲೂ ಗಸಿ ಕಟ್ಟುವುದಿಲ್ಲ. 1959ರಲ್ಲಿ ಸರ್ಫ್ ಬಂದಾಗ ಅದು ಪೇಟೆಯ ಸಿರಿವಂತರ ಸಾಮಾನು. 1969ರಲ್ಲಿ ಗುಜರಾತಿನ ಕರ್ಸನ್‌ಭಾಯಿ ಪಟೇಲರು ನಿರ್ಮಾ ಪುಡಿಯನ್ನು ಸೈಕಲ್ಲಿನ ಮೇಲೆ ಮನೆಮನೆಗೆ ಮಾರಿದರು. ಆ ಮೇಲೆ ಪುಡಿ ಬಡವರ ಮನೆಗೂ ಬಂತು. ಅದಕ್ಕೆ ಮುಂಚೆ ನಮ್ಮ ಹಿರಿಯರಿಗೆ ಚೌಳುಮಣ್ಣು, ಬೂದಿ, ಸೀಗೆ, ಅಂಟುವಾಳಗಳೇ ಆಧಾರ.

ಕೆಲವು ಪುಡಿಗಳಲ್ಲಿ ಕಿಣ್ವಗಳಿರುತ್ತವೆ. ಇವನ್ನು ಬ್ಯಾಕ್ಟೀರಿಯ, ಶಿಲೀಂಧ್ರಗಳಿಂದ ತಯಾರಿಸುತ್ತಾರೆ. ಬಳಸಬೇಕೇ ಎಂಬುದನ್ನು ನಿಮ್ಮ ಮನೆಯ ವ್ರತನಿಯಮ ನೋಡಿ ತೀರ್ಮಾನಿಸಿ. ಉಣ್ಣೆ ಬಟ್ಟೆಗೆ ಮಾತ್ರ ಕಿಣ್ವದ ಪುಡಿ ಬೇಡ, ಅದು ನೂಲನ್ನೇ ತಿನ್ನುತ್ತದೆ. ಇನ್ನು "ಹೊಳೆಯುವ ಬಿಳುಪು" ಎಂಬುದು ಕೊಳೆ ಹೋದದ್ದರ ಗುರುತಲ್ಲ. ಪುಡಿಯಲ್ಲಿ ಸೇರಿಸಿದ ಒಂದು ದ್ರವ್ಯ ಬಿಸಿಲಿನ ಕಣ್ಣಿಗೆ ಕಾಣದ ಕಿರಣವನ್ನು ನೀಲಿ ಬೆಳಕಾಗಿ ಮಾಡಿ ತೋರಿಸುತ್ತದೆ. ನೊರೆಯೂ ಹಾಗೆಯೇ. ಕೊಳೆ ತೆಗೆಯುವುದು ನೀರಿನಲ್ಲಿ ಕರಗಿದ ಪುಡಿ, ಮೇಲೆ ತೇಲುವ ನೊರೆಯಲ್ಲ.

ಆದ್ದರಿಂದ ನಾವು ಹೀಗೆ ಬದಲಾಯಿಸಿದೆವು:

ಪೊಟ್ಟಣದ ಸೂಚನೆಯನ್ನು ಮೊಮ್ಮಗಳಿಂದ ಓದಿಸಿ, ಆ ಅಳತೆಯ ಚಮಚವನ್ನು ಡಬ್ಬಿಯಲ್ಲೇ ಇಟ್ಟೆವು. ಪ್ರತಿ ವಾರ ಸ್ವಲ್ಪ ಸ್ವಲ್ಪ ಕಡಿಮೆ ಮಾಡುತ್ತ ಬಂದೆವು. ಬಟ್ಟೆಯಲ್ಲಿ ವ್ಯತ್ಯಾಸ ಕಂಡ ವಾರಕ್ಕೆ ನಿಲ್ಲಿಸಿದೆವು.

ಬಾರ್ ಸಾಬೂನನ್ನು ಕಾಲರಿಗೆ, ಅಂಚಿಗೆ ಮಾತ್ರ ಇಟ್ಟುಕೊಂಡೆವು. ಹತ್ತಿ ಬಟ್ಟೆ ನೆನೆಸುವ ನೀರಿಗೆ ಮೊದಲು ಒಂದು ಚಮಚ ವಾಷಿಂಗ್ ಸೋಡ ಕರಗಿಸುತ್ತೇವೆ, ಗಡಸುತನ ತಗ್ಗುತ್ತದೆ. ಸೋಡ ಕೈಗೆ ಒಳ್ಳೆಯದಲ್ಲ, ಕೋಲಿನಿಂದ ಕಲಕಿ. ಕೈ ಒಡೆದವರು ಕೈಚೀಲ ಹಾಕಿಕೊಳ್ಳಲಿ, ಆಮೇಲೆ ಕೊಬ್ಬರಿ ಎಣ್ಣೆ ಹಚ್ಚಲಿ.

ಅರ್ಧ ಗಂಟೆ ನೆನೆದರೆ ಸಾಕು, ರಾತ್ರಿಯೆಲ್ಲ ಬೇಡ. ಕೊನೆಯ ಜಾಲಿಕೆಗೆ ಹಂಚಿನಿಂದ ಬಿದ್ದ ಮಳೆನೀರನ್ನು ಹಿಡಿದು, ಸೋಸಿ ಬಳಸುತ್ತೇವೆ.

ಅಭಿಷೇಕದ ಪಂಚೆಗೆ ಹಾಲು ಬಿದ್ದಿದ್ದರೆ ಮೊದಲು ತಣ್ಣೀರಿನಲ್ಲಿ ಜಾಲಿಸಿ. ಬಿಸಿನೀರು ಹಾಲಿನ ಕಲೆಯನ್ನು ಗಟ್ಟಿ ಮಾಡುತ್ತದೆ. ಅರಿಶಿನದ ಕಲೆ ಸೋಪು ತಾಗಿದೊಡನೆ ಕೆಂಪಾದರೆ ಹೆದರಬೇಡಿ, ಅದು ಕ್ಷಾರದ ಗುಣ. ಒಗೆದು ಬಿಸಿಲಿಗೆ ಹಾಕಿ, ತಾನೇ ಮಾಸುತ್ತದೆ.

ಇಷ್ಟರಿಂದ ಎರಡು ತಿಂಗಳಲ್ಲಿ ಪಂಚೆ ತಿಳಿಯಾಯಿತು, ಸೊಸೆಯ ಕೈಯೂ ವಾಸಿಯಾಯಿತು. ನಾವು ಅವಳಿಗೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಮಾತ್ರ ಅಷ್ಟು ಸುಲಭವಾಗಲಿಲ್ಲ.

ಉಳಿದದ್ದು ಚೆಲ್ಲುವ ನೀರು. ಪುಡಿಯ ಮುಖ್ಯ ಅಂಶ ನೀರಿನ ಜೀವಿಗಳ ಕಿವಿರುಗಳನ್ನು ಕೆಡಿಸುತ್ತದೆ. ಕಪ್ಪೆಮರಿಯೂ ಕಿವಿರಿನಿಂದಲೇ ಉಸಿರಾಡುವ ಜೀವ. 1950ರ ದಶಕದಲ್ಲಿ ಯುರೋಪ್, ಅಮೆರಿಕಗಳ ನದಿಗಳ ಮೇಲೆ ನೊರೆಯ ಗುಡ್ಡಗಳು ಎದ್ದವು; 1960ರ ದಶಕದಲ್ಲಿ ಬೇಗ ಕೊಳೆತು ಕರಗುವ ಬಗೆಯ ಡಿಟರ್ಜೆಂಟ್ ಬಂತು. ಅದು ಕರಗಲು ಗಾಳಿ, ಸಮಯ ಬೇಕು. ನಿಂತ ಗುಂಡಿಯಲ್ಲಿ ಎರಡೂ ಇಲ್ಲ. ಪುಡಿಯಲ್ಲಿ ಫಾಸ್ಫೇಟ್ ಇದ್ದರೆ ಕೆರೆಯಲ್ಲಿ ಪಾಚಿ ಬೆಳೆಯುತ್ತದೆ. 2015ರಲ್ಲಿ ಬೆಂಗಳೂರಿನ ಬೆಳ್ಳಂದೂರು ಕೆರೆಯ ನೊರೆ ರಸ್ತೆಗೆ ಹಾರಿಬಂದದ್ದನ್ನು ನೀವು ಓದಿರಬಹುದು. ಅದರಲ್ಲಿ ಲಕ್ಷಾಂತರ ಬಚ್ಚಲುಗಳ ಪಾಲಿತ್ತು.

ಹಾಗಾದರೆ ಅಂಟುವಾಳಕ್ಕೇ ಹಿಂತಿರುಗೋಣವೆಂದು ನಾವೂ ಅಂದುಕೊಂಡೆವು. ನಮ್ಮ ಬೆಟ್ಟಗಳ ಕಾಡಿನಲ್ಲಿ ಅಂಟುವಾಳ, ಸೀಗೆಕಾಯಿ ಎರಡೂ ಸಿಗುತ್ತವೆ, ಗಿರಿಜನರು ಆರಿಸಿ ಮಾರುತ್ತಾರೆ. ಬೀಜ ತೆಗೆದ 8-10 ಸಿಪ್ಪೆಗಳನ್ನು ಒಂದು ಲೀಟರ್ ಬಿಸಿನೀರಿನಲ್ಲಿ ರಾತ್ರಿ ನೆನೆಸಿ, ಹಿಸುಕಿ ಸೋಸಿದರೆ ಬಣ್ಣದ ಬಟ್ಟೆಗೂ ಉಣ್ಣೆಗೂ ಚೆನ್ನ. ಬಿಳಿಯ ಬಟ್ಟೆಗೆ ಸ್ವಲ್ಪ ಕಂದು ಛಾಯೆ ಬರುತ್ತದೆ. ಆದರೆ ಅಂಟುವಾಳದ ನೊರೆಯ ಅಂಶವೂ ಮೀನಿಗೆ ವಿಷವೇ. ಕಾಡಿನಿಂದ ಬಂದದ್ದು ಎಂದ ಮಾತ್ರಕ್ಕೆ ಅದರ ನೀರನ್ನು ಕೆರೆಗೆ ಬಿಡುವಂತಿಲ್ಲ.

ಕೊನೆಗೆ ನಾವು ಮಾಡಿದ್ದು ಇಷ್ಟು. ಬಾವಿಯಿಂದ 50 ಅಡಿಗೂ ಹೆಚ್ಚು ದೂರದಲ್ಲಿ ಕಲ್ಲು, ಜಲ್ಲಿ, ಮರಳು ತುಂಬಿದ ಇಂಗುಗುಂಡಿ ತೆಗೆಸಿ ಮೊದಲ ಸೋಪುನೀರನ್ನು ಅಲ್ಲಿಗೆ ತಿರುಗಿಸಿದೆವು. ಮೇಲೆ ಮುಚ್ಚಿದ್ದರಿಂದ ನೀರು ನಿಲ್ಲದು, ಸೊಳ್ಳೆ ಬಾರದು. ಕೊನೆಯ ಜಾಲಿಕೆಯ ನೀರು ಬಾಳೆಗೆ ಹೋಗುತ್ತದೆ. ಅದನ್ನೂ ಒಂದೇ ಬುಡಕ್ಕೆ ದಿನವೂ ಬಿಡಬಾರದು, ಸೋಡಿಯಂ ಸೇರಿ ಮಣ್ಣು ಗಟ್ಟಿಯಾಗುತ್ತದೆ.

ಈ ಮಳೆಗಾಲ ಹಿತ್ತಲ ಗುಂಡಿಯಲ್ಲಿ ಮತ್ತೆ ಕಪ್ಪೆಮರಿಗಳಿವೆ. ಮೊಮ್ಮಗಳು ದಿನವೂ ಹೋಗಿ ನೋಡಿ ಬರುತ್ತಾಳೆ. ಸಹೋದರಿಯರೇ, ನಾಳೆ ಬಟ್ಟೆ ಒಗೆದ ಮೇಲೆ ನೀವೂ ಒಮ್ಮೆ ಹಿತ್ತಲಿಗೆ ಹೋಗಿ, ನಿಮ್ಮ ಕಲ್ಲಿನ ನೀರು ಎಲ್ಲಿ ಹೋಗಿ ನಿಲ್ಲುತ್ತದೆಂದು ನೋಡಿ. ನೋಡಿದ್ದನ್ನು ನಮಗೆ ಬರೆಯಿರಿ.

ಜೈ ಜಿನೇಂದ್ರ.