ಕೌಂಟರ್‌ಸ್ಪೆಲ್ ಬ್ಯಾನ್ ಮಾಡ್ತೀರಾ? ಮೊದಲು ಲೆಕ್ಕ ಕೊಡಿ

1/6
ನಮ್ಮ ಗ್ಯಾಂಗ್‌ನಲ್ಲಿ ಹೊಸ ರೂಲ್ ತರ್ತಾರಂತೆ: ಭಾನುವಾರದ ಮ್ಯಾಜಿಕ್ ಆಟಕ್ಕೆ ಕೌಂಟರ್‌ಸ್ಪೆಲ್ ತರೋ ಹಾಗಿಲ್ಲ. ಕಾರಣ? "ಬರೀ ತಡೀತಾ ಕೂರ್ತಾರೆ, ಬೋರು, ಹೇಡಿ ಆಟ." ನಾನು ಇದಕ್ಕೆ ಪೂರ್ತಿ ವಿರೋಧ. ಆರೂ ಪೋಸ್ಟ್ ಓದಿ, ಆಮೇಲೆ ಬಯ್ಯಿರಿ.

2/6
ಗೊತ್ತಿಲ್ಲದವರಿಗೆ: ಮ್ಯಾಜಿಕ್: ದ ಗ್ಯಾದರಿಂಗ್ 1993ರಲ್ಲಿ ಬಂತು. ಮಾಡಿದವರು ರಿಚರ್ಡ್ ಗಾರ್ಫೀಲ್ಡ್, ಗಣಿತ ಓದಿದವರು. ಇಬ್ಬರಿಗೂ 20 ಲೈಫ್, ಕನಿಷ್ಠ 60 ಕಾರ್ಡಿನ ಡೆಕ್. ಲ್ಯಾಂಡ್ ಕಾರ್ಡ್ ಮಾನಾ ಕೊಡುತ್ತೆ, ಆ ಮಾನಾ ಖರ್ಚು ಮಾಡಿ ಸ್ಪೆಲ್ ಹಾಕಬೇಕು. ಕೌಂಟರ್‌ಸ್ಪೆಲ್ ಅಂದ್ರೆ ಎರಡು ನೀಲಿ ಮಾನಾ ಕೊಟ್ಟು ಎದುರಿನವರ ಸ್ಪೆಲ್ ಕ್ಯಾನ್ಸಲ್ ಮಾಡೋದು. ಅಷ್ಟೇ. ಇದು ಮೋಸ ಅಲ್ಲ, ಆಟ ಹುಟ್ಟಿದ ವರ್ಷದಿಂದಲೇ ಇರೋ ಕಾರ್ಡ್.

3/6
ಹೇಡಿತನ ಅಂತೀರಲ್ಲ, ಇಸ್ಪೀಟಲ್ಲಿ ತುರುಪು ಕೈಯಲ್ಲೇ ಇಟ್ಕೊಂಡು ಸರಿಯಾದ ಹೊತ್ತಿಗೆ ಇಳಿಸೋ ತಾತನಿಗೂ ಹಾಗೇ ಅಂತೀರಾ? ನಾವು ಬಿಕಾಂನವರು. ಬ್ಯಾಡ್ ಡೆಟ್ಸ್‌ಗೆ ಪ್ರಾವಿಷನ್ ಇಡೋದು ಹೇಡಿತನ ಅಂತ ಯಾವ ಕ್ಲಾಸಲ್ಲಿ ಕೇಳಿದ್ದೀರಿ?
ಲೈಟ್ನಿಂಗ್ ಬೋಲ್ಟ್ ತಗೊಳ್ಳಿ. ಒಂದು ಮಾನಾ, 3 ಡ್ಯಾಮೇಜ್. 20 ಲೈಫ್ ತೆಗೆಯೋಕೆ ಅಂಥ ಏಳು ಬೇಕು. ಶುರುವಲ್ಲಿ ಕೈಗೆ ಬರೋದೇ ಏಳು ಕಾರ್ಡ್, ಅದರಲ್ಲಿ ಲ್ಯಾಂಡೂ ಇರುತ್ತೆ. ಕಂಟ್ರೋಲ್ ಆಡೋರು ಒಂದು ಕಾರ್ಡ್ ಕೊಟ್ಟು ಎರಡು ಎಳೀತಾರೆ. ಮೊದಲ ಏಟು ತಡ್ಕೊಂಡ್ರೆ ಸಾಕು, ನಿಮ್ಮ ಕೈ ಖಾಲಿ, ಅವರ ಕೈ ತುಂಬಾ ಕಾರ್ಡು. ಇದು ಲೆಕ್ಕ ಮಚ್ಚಾ, ಹೆದರಿಕೆ ಅಲ್ಲ.

4/6
ಡೆಕ್ ಕಟ್ಟೋದು ಹೀಗೆ. 24 ಲ್ಯಾಂಡ್, ನೀಲಿ ಮತ್ತು ಕಪ್ಪು. ತಡೆಯೋಕೆ 8: ನಾಲ್ಕು ಕೌಂಟರ್‌ಸ್ಪೆಲ್, ನಾಲ್ಕು ಎಕ್ಸ್‌ಕ್ಲೂಡ್. ಆಗಲೇ ಇಳಿದಿರೋ ಕ್ರಿಯೇಚರ್ ಹೊಡೆಯೋಕೆ ಕಾಸ್ಟ್ ಡೌನ್ ಥರದವು 10. ಕಾರ್ಡ್ ಎಳೆಯೋಕೆ, ಹುಡುಕೋಕೆ ಪಾಂಡರ್, ಡೀಪ್ ಅನಾಲಿಸಿಸ್ ಥರದವು 14. ಗೆಲ್ಲೋಕೆ 4 ಮಲ್‌ಡ್ರಿಫ್ಟರ್: ಇಳಿದಾಗ ಎರಡು ಕಾರ್ಡ್ ಕೊಟ್ಟು, ಆಮೇಲೆ ಹಾರಿ ಹೊಡೆಯುತ್ತೆ. ಒಟ್ಟು 60.
ತಡೆಯೋ ಕಾರ್ಡ್ 8 ಯಾಕೆ? ಬರೀ 4 ಇಟ್ರೆ ಮೊದಲ ಏಳರಲ್ಲಿ ಒಂದಾದ್ರೂ ಸಿಗೋ ಚಾನ್ಸ್ ಸುಮಾರು ಶೇ. 40. 8 ಇಟ್ರೆ ಸುಮಾರು ಶೇ. 65. ಕ್ಯಾಲ್ಕುಲೇಟರ್ ತೆಗೆದು ನೀವೇ ನೋಡಿ.
ಆಡುವಾಗ ಒಂದೇ ಮಾತು ನೆನಪಿರಲಿ: ಬಂದಿದ್ದನ್ನೆಲ್ಲ ತಡೀಬೇಡಿ. ಸಣ್ಣ ಏಟು ತಿನ್ನಿ, ನಿಮ್ಮನ್ನ ಮುಗಿಸೋ ಕಾರ್ಡಿಗೆ ಕಾಯಿರಿ.

5/6
ಈಗ ನಿಜವಾದ ವಿಷಯ. ಮೇಲೆ ಹೆಸರು ಹೇಳಿದ ಸ್ಪೆಲ್ಲು, ಕ್ರಿಯೇಚರ್ ಎಲ್ಲಾ ಕಾಮನ್ ಕಾರ್ಡ್. ಬರೀ ಕಾಮನ್‌ಗಳಲ್ಲೇ ಆಡೋ ಪಾಪರ್ ಅನ್ನೋ ಫಾರ್ಮ್ಯಾಟ್ 2019ರಿಂದ ಅಧಿಕೃತ. ಹೆಸರು ಕೇಳಿ ನಗಬೇಡಿ, ಇದು ಪಾಪರ್ ಆಗದೇ ಆಡೋ ದಾರಿ.
ಕೆಜಿಎಫ್ ಗಣಿ 2001ರಲ್ಲಿ ಮುಚ್ಚಿತು. ಮೈಸೂರು ಮೈನ್ಸ್, ಚಾಂಪಿಯನ್ ರೀಫ್, ಬಂಗಾರಪೇಟೆ ಮನೆಗಳಿಂದ ದಿನಾ ಎಷ್ಟು ಜನ ಬೆಂಗಳೂರು ರೈಲು ಹತ್ತುತ್ತಾರೆ ಅಂತ ನಿಮಗೇ ಗೊತ್ತು. ಆ ಸಂಬಳದಲ್ಲಿ ರೇರ್ ಕಾರ್ಡಿಗೆ ಎಷ್ಟು ಉಳಿಯುತ್ತೆ?
ನೀವು ಸಾವಿರಾರು ರೂಪಾಯಿಯ ಕಾರ್ಡ್ ಇಳಿಸಿ, ಹತ್ತು ರೂಪಾಯಿಯದ್ದು ಇಳಿಸಿ, ಕೌಂಟರ್‌ಸ್ಪೆಲ್‌ಗೆ ಎರಡೂ ಒಂದೇ. ಅದು ಬೆಲೆ ನೋಡಲ್ಲ. ಅದನ್ನ ಬ್ಯಾನ್ ಮಾಡಿದ್ರೆ ಟೇಬಲ್ ಮೇಲೆ ಗೆಲ್ಲೋದು ಜೇಬು. "ಬೋರು" ಅನ್ನೋ ಮಾತಿನ ಹಿಂದೆ ಇರೋದು "ನನ್ನ ದುಬಾರಿ ಕಾರ್ಡ್ ವೇಸ್ಟ್ ಆಯ್ತು" ಅನ್ನೋ ಸಂಕಟ. ಹೌದೋ ಅಲ್ವೋ, ಎದೆ ಮುಟ್ಕೊಂಡು ಹೇಳಿ.

6/6
ನಿಮ್ಮದು ಒಂದು ದೂರು ಮಾತ್ರ ನ್ಯಾಯ: ನಿಧಾನ. ಒಪ್ತೀನಿ. ಅದಕ್ಕೆ ಗಡಿಯಾರ ಇಡಿ. ಟೂರ್ನಮೆಂಟ್ ಥರ ಒಂದು ರೌಂಡಿಗೆ 50 ನಿಮಿಷ, ಇಬ್ಬರಿಗೂ ಅದೇ ರೂಲ್. ಯೋಚನೆ ಹೆಸರಲ್ಲಿ ಟೈಮ್ ತಿನ್ನೋರನ್ನ ಬಯ್ಯಿರಿ, ನಾನೂ ಜೊತೆಗೆ ಬಯ್ತೀನಿ.
ಇನ್ನು ಸೋಲಿಸೋಕೆ ದಾರಿ ಇಲ್ವಾ? ಬೇಕಾದಷ್ಟಿದೆ. ಅವರು ಮಾನಾ ಖರ್ಚು ಮಾಡಿದ ಟರ್ನ್‌ನಲ್ಲಿ ದೊಡ್ಡದು ಹಾಕಿ. ಮೊದಲು ಚಿಕ್ಕ ಕಾರ್ಡ್ ತೋರಿಸಿ ಕೌಂಟರ್ ಖಾಲಿ ಮಾಡಿಸಿ. ಕೈಯಿಂದ ಕಾರ್ಡ್ ಬೀಳಿಸೋ ಕಪ್ಪು ಸ್ಪೆಲ್ ಇಡಿ. ಕೌಂಟರ್ ಮಾಡೋಕೇ ಆಗದ ಕಾರ್ಡುಗಳೂ ಇವೆ.
ಇಷ್ಟೆಲ್ಲಾ ಇದ್ದೂ ಬ್ಯಾನೇ ಬೇಕು ಅಂದ್ರೆ, ಭಾನುವಾರ ಎಲ್ಲರ ಮುಂದೆ ಕೈ ಎತ್ತಿ ವೋಟ್ ಹಾಕಿ. ಕಾರಣ ಮಾತ್ರ ಜೋರಾಗಿ ಹೇಳ್ಬೇಕು.

#ಮ್ಯಾಜಿಕ್ #ಪಾಪರ್ #ಕಂಟ್ರೋಲ್‌ಡೆಕ್ #ಕೆಜಿಎಫ್ #ಬಂಗಾರಪೇಟೆ