ಮಂಜುಗಡ್ಡೆಯ ಮೇಲೆ ಬ್ರಿಜಿತ್ ಬಾರ್ದೊ

ಹಸುವಿನ ಹಾಲಿನಲ್ಲಿ ಕೊಬ್ಬಿನ ಅಂಶ ಶೇಕಡ 4ರ ಆಸುಪಾಸು. ಉತ್ತರ ಅಟ್ಲಾಂಟಿಕ್ ಸಾಗರದ ಹಾರ್ಪ್ ಸೀಲ್ ಎಂಬ ಸಸ್ತನಿಯ ಹಾಲಿನಲ್ಲಿ ಅದು ಹೆಚ್ಚುಕಡಿಮೆ ಅರ್ಧಕ್ಕರ್ಧ! ಮಂಜುಗಡ್ಡೆಯ ಮೇಲೆ ಹುಟ್ಟುವ ಸುಮಾರು 11 ಕಿಲೋ ತೂಕದ ಮರಿ, ಈ ಹಾಲು ಕುಡಿದು ಹನ್ನೆರಡೇ ದಿನಗಳಲ್ಲಿ ಮೂರು ಪಟ್ಟು ತೂಗುತ್ತದೆ. ಅಷ್ಟು ಹೊತ್ತಿಗೆ ತಾಯಿ ಅದನ್ನು ಬಿಟ್ಟು ಹೊರಟುಹೋಗುತ್ತದೆ. ಹುಟ್ಟಿದಾಗ ಮರಿಯ ಚರ್ಮದಡಿ ಕೊಬ್ಬಿನ ಪದರ ಇಲ್ಲವೆಂದೇ ಹೇಳಬೇಕು. ಮೈಮೇಲಿನ ಅಚ್ಚ ಬಿಳಿಯ ತುಪ್ಪಳವೇ ಅದಕ್ಕೆ ಕಂಬಳಿ. ಕೆಲವೇ ವಾರಗಳಲ್ಲಿ ಉದುರಿಹೋಗುವ ಆ ತುಪ್ಪಳಕ್ಕಾಗಿಯೇ ಮರಿಗಳನ್ನು ದೊಣ್ಣೆಯಿಂದ ಬಡಿದು ಕೊಲ್ಲಲಾಗುತ್ತಿತ್ತು. ಯೂರೋಪಿನ ಮಾರುಕಟ್ಟೆಯಲ್ಲಿ ಅದಕ್ಕೆ ಒಳ್ಳೆಯ ಬೇಡಿಕೆ ಇತ್ತು.

1977ರಲ್ಲಿ ಕೆನಡಾದ ಈ ಮಂಜಿನ ಮೇಲೆ ಬಂದಿಳಿದವಳು ಫ್ರಾನ್ಸಿನ ಹೆಸರಾಂತ ನಟಿ ಬ್ರಿಜಿತ್ ಬಾರ್ದೊ.

1934ರ ಸೆಪ್ಟೆಂಬರ್ 28ರಂದು ಪ್ಯಾರಿಸ್ಸಿನ ಉದ್ಯಮಿಯೊಬ್ಬರ ಮನೆಯಲ್ಲಿ ಹುಟ್ಟಿದ ಆಕೆ ಚಿಕ್ಕಂದಿನಲ್ಲಿ ಕಲಿತದ್ದು ಬ್ಯಾಲೆ ನೃತ್ಯ. ಹದಿಹರೆಯದಲ್ಲೇ ‘ಎಲ್’ ಪತ್ರಿಕೆಯ ಮುಖಪುಟ ಸೇರಿದಳು. 1956ರಲ್ಲಿ ರೋಜೆ ವಾದಿಮ್ ನಿರ್ದೇಶನದ ಚಿತ್ರವೊಂದು ಆಕೆಯನ್ನು ಜಗತ್ಪ್ರಸಿದ್ಧಳನ್ನಾಗಿ ಮಾಡಿತು. ಅಂದಿನ ಸಭ್ಯಸ್ಥರು ಆ ಚಿತ್ರವನ್ನು ಹೀಗಳೆದದ್ದೂ ಉಂಟು, ಟಿಕೆಟ್ ಕೊಂಡು ನೋಡಿದ್ದೂ ಉಂಟು! ಗೋದಾರ್ ಅವರ 1963ರ ಚಿತ್ರದಲ್ಲಿ ಆಕೆ ಬರೀ ಅಂದಗಾತಿಯಲ್ಲ ಎಂಬುದು ವಿಮರ್ಶಕರಿಗೂ ತಿಳಿಯಿತು.

ಪ್ರಾಣಿಗಳ ಬಗೆಗಿನ ಕಾಳಜಿ ನಿವೃತ್ತಿಯ ನಂತರ ಹೊತ್ತು ಕಳೆಯಲು ಹುಟ್ಟಿಕೊಂಡದ್ದಲ್ಲ. 1962ರಲ್ಲೇ, ಕೀರ್ತಿಯ ಶಿಖರದಲ್ಲಿದ್ದಾಗ, ಆಕೆ ದೂರದರ್ಶನದಲ್ಲಿ ಕಾಣಿಸಿಕೊಂಡು ಕಸಾಯಿಖಾನೆಗಳ ಕ್ರೌರ್ಯದ ಬಗ್ಗೆ ಮಾತನಾಡಿದ್ದಳು. ಕೊಲ್ಲುವ ಮುನ್ನ ಪ್ರಾಣಿಯ ಪ್ರಜ್ಞೆ ತಪ್ಪಿಸಬೇಕೆಂಬುದು ಆಕೆಯ ಬೇಡಿಕೆ. 1964ರಲ್ಲಿ ಫ್ರಾನ್ಸ್ ಸರ್ಕಾರ ಅದನ್ನು ಕಡ್ಡಾಯಗೊಳಿಸಿತು. 1973ರಲ್ಲಿ, ಇನ್ನೂ ನಲವತ್ತು ತುಂಬುವ ಮೊದಲೇ, ಚಿತ್ರರಂಗಕ್ಕೆ ವಿದಾಯ ಹೇಳಿದಳು.

ಸೀಲ್ ಮರಿಯ ಪಕ್ಕದಲ್ಲಿ ಆಕೆ ಇದ್ದ ಚಿತ್ರ ಪತ್ರಿಕೆಗಳ ಮೂಲಕ ಮನೆಮನೆಗೆ ತಲುಪಿತು. ಸ್ವಯಂಸೇವಕರು ವರ್ಷಗಟ್ಟಲೆ ಕೂಗಿ ಹೇಳಿದ್ದನ್ನು ಒಂದು ಪರಿಚಿತ ಮುಖ ಕ್ಷಣದಲ್ಲಿ ಹೇಳಿತು. 1983ರಲ್ಲಿ ಯೂರೋಪಿಯನ್ ಸಮುದಾಯ ಬಿಳಿ ಮರಿಗಳ ಚರ್ಮದ ಆಮದನ್ನು ನಿಷೇಧಿಸಿತು. 1987ರಲ್ಲಿ ಕೆನಡಾ ಕೂಡ ಆ ಮರಿಗಳ ವಾಣಿಜ್ಯ ಬೇಟೆಯನ್ನು ನಿಲ್ಲಿಸಿತು.

ಆದರೆ ಇದರ ಇನ್ನೊಂದು ಮುಖವನ್ನೂ ನೋಡಬೇಕು. ಉತ್ತರ ಧ್ರುವ ಪ್ರದೇಶದ ಇನ್ಯುಯಿಟ್ ಜನ ಹಿಡಿಯುತ್ತಿದ್ದುದು ಬಿಳಿ ಮರಿಗಳನ್ನಲ್ಲ, ಮುಖ್ಯವಾಗಿ ಬೆಳೆದ ರಿಂಗ್ಡ್ ಸೀಲ್‌ಗಳನ್ನು. ಮಾಂಸ ಊಟಕ್ಕೆ, ಚರ್ಮ ಉಡುಪಿಗೆ; ಮಿಕ್ಕದ್ದು ಮಾರಾಟಕ್ಕೆ. ನಿಷೇಧ ಅವರನ್ನು ಉದ್ದೇಶಿಸಿರಲಿಲ್ಲ. ಆದರೂ ಎಲ್ಲ ಬಗೆಯ ಸೀಲ್ ಚರ್ಮದ ಬೆಲೆಯೂ ಒಟ್ಟಿಗೇ ಕುಸಿಯಿತು. ಕೊಳ್ಳುವವನಿಗೆ ಎರಡು ಚರ್ಮಗಳ ವ್ಯತ್ಯಾಸ ಗೊತ್ತಿದ್ದರೆ ತಾನೆ! ಬೇರೆ ಸಂಪಾದನೆಯೇ ಇಲ್ಲದ ಹಳ್ಳಿಗಳಲ್ಲಿ ಬೇಟೆಯ ಖರ್ಚಿಗೂ ಹಣ ಹುಟ್ಟದಂತಾಯಿತು.

1986ರಲ್ಲಿ ಬಾರ್ದೊ ತನ್ನ ಹೆಸರಿನ ಪ್ರತಿಷ್ಠಾನ ಸ್ಥಾಪಿಸಿದಳು. ಅದಕ್ಕೆ ಬಂಡವಾಳ ಒದಗಿಸಲು ಒಡವೆಗಳನ್ನೂ ವಸ್ತುಗಳನ್ನೂ ಹರಾಜಿಗಿಟ್ಟಳು. ಸಾಂ-ತ್ರೊಪೆಯ ಕಡಲ ದಂಡೆಯಲ್ಲಿ 1958ರಲ್ಲಿ ಕೊಂಡಿದ್ದ ‘ಲಾ ಮಾದ್ರಾಗ್’ ಎಂಬ ಮನೆಯನ್ನು 1991ರಲ್ಲಿ ಪ್ರತಿಷ್ಠಾನಕ್ಕೇ ಬರೆದುಕೊಟ್ಟಳು.

ಮೂಕಪ್ರಾಣಿಗಳಿಗೆ ಮಿಡಿದ ಈ ಹೃದಯ ಮನುಷ್ಯರ ವಿಷಯದಲ್ಲಿ ಅಷ್ಟು ಉದಾರವಾಗಿರಲಿಲ್ಲ ಎಂಬುದನ್ನು ಮಕ್ಕಳಿಂದ ಮುಚ್ಚಿಡಬೇಕಾಗಿಲ್ಲ. ಮುಸ್ಲಿಮರ ಮತ್ತು ವಲಸೆ ಬಂದವರ ಬಗ್ಗೆ ಬರೆದ ಕಟು ಮಾತುಗಳಿಗಾಗಿ, ಜನಾಂಗೀಯ ದ್ವೇಷ ಪ್ರಚೋದಿಸಿದಳೆಂದು ಫ್ರಾನ್ಸಿನ ನ್ಯಾಯಾಲಯಗಳು 1997ರಿಂದಾಚೆಗೆ ಆಕೆಗೆ ಹಲವು ಬಾರಿ ದಂಡ ವಿಧಿಸಿದವು. ಆಕೆ ದಂಡ ತೆತ್ತಳು, ಧೋರಣೆ ಬದಲಿಸಲಿಲ್ಲ.

2025ರ ಡಿಸೆಂಬರ್ 28ರಂದು, 91ನೆಯ ವಯಸ್ಸಿನಲ್ಲಿ ಬಾರ್ದೊ ತೀರಿಕೊಂಡದ್ದು ಅದೇ ‘ಲಾ ಮಾದ್ರಾಗ್’ ಮನೆಯಲ್ಲಿ. ದಾನ ಕೊಟ್ಟ ಮೇಲೂ ಆಕೆ ಅಲ್ಲಿಯೇ ನಾಯಿ ಬೆಕ್ಕುಗಳ ನಡುವೆ ಬದುಕಿದ್ದಳು.